ಇಲಿಬೋನು ಮೀಮಾಂಸೆ

ವಿಷಯ: ಅಗಾಥಾ ಕ್ರಿಸ್ಟಿಯವರ ‘ದಿ ಮೌಸ್‌ಟ್ರ್ಯಾಪ್’ ನಾಟಕದ ನೆಪದಲ್ಲಿ ಲಂಡನ್ನಿನ ವೆಸ್ಟ್ ಎಂಡ್‌ನಲ್ಲಿ 1952ರ ನವೆಂಬರ್ 25ರಿಂದ ನಡೆದುಬಂದಿರುವ ಕೊಲೆ. ಹಿಮ ಮುಚ್ಚಿದ ಅತಿಥಿಗೃಹ, ಒಳಗೊಬ್ಬ ಹಂತಕ, ಹಿಮದ ಮೇಲೆ ಜಾರಿಕೊಂಡು ಬರುವ ಪೊಲೀಸು. ಸಂಶಯವಿಷ್ಟೇ: ಪ್ರತಿ ರಾತ್ರಿ ಗುಟ್ಟು ರಟ್ಟಾದರೂ ಮರುದಿನ ಅದೇ ಕೊಲೆ ಹೇಗೆ ನಡೆಯುತ್ತದೆ?

ಪೂರ್ವಪಕ್ಷ: ‘ನಾಟಕ ಚೆನ್ನಾಗಿದೆ, ಓಡುತ್ತಿದೆ.’ ಈ ವಾದ ನಿಲ್ಲದು. ಎಂಟು ತಿಂಗಳು ಓಡೀತೆಂದು ಕ್ರಿಸ್ಟಿಯವರೇ ಅಂದಾಜು ಹಾಕಿದ್ದರು. ಕೃತಿಯನ್ನು ಕರ್ತೃವಿಗಿಂತ ಬಲ್ಲವರುಂಟೆ? ಆದಕಾರಣ ಒಂಬತ್ತನೆಯ ತಿಂಗಳಿನಿಂದಾಚೆಗಿನದು ಗುಣವಲ್ಲ, ಪಿತೂರಿ.

ಶಂಕಿತರು: ಮೊದಲನೆಯವನು ಮೊಮ್ಮಗ. ನಾಟಕದ ಆದಾಯವೆಲ್ಲ ಅವನಿಗೇ ಉಡುಗೊರೆಯಾಗಿ ಹೋಯಿತು. ಆದರೆ ಆಗ ಅವನು ಒಂಬತ್ತರ ಬಾಲಕ. ಸಂಶಯದ ಲಾಭ ಕೊಡಲಾಗಿದೆ. ಎರಡನೆಯವರು ಸಿನಿಮಾದವರು. ವೆಸ್ಟ್ ಎಂಡ್ ಪ್ರದರ್ಶನ ನಿಂತು ಆರು ತಿಂಗಳಾಗದೆ ಚಿತ್ರ ತೆಗೆಯಕೂಡದೆಂಬ ಕರಾರಿನ ಮೇಲೆ ಹಕ್ಕು ಕೊಂಡವರು. ನಾಟಕ ಸಾಯಲೆಂದು ಹಾರೈಸಲು ಇವರಿಗಿಂತ ಸಕಾರಣ ಯಾರಿಗಿತ್ತು? ಆದರೂ ಅದು ಸಾಯಲಿಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾ ಅದರ ಕತ್ತು ಹಿಸುಕಿತು. 2021ರ ಮೇ ತಿಂಗಳಲ್ಲಿ ಶವ ಎದ್ದು ಕುಳಿತು ಟಿಕೆಟ್ ಮಾರತೊಡಗಿತು.

ಸಾಕ್ಷ್ಯನಾಶ: 1974ರ ಮಾರ್ಚ್‌ನಲ್ಲಿ ಘಟನಾಸ್ಥಳವನ್ನೇ ಅಂಬಾಸಡರ್ಸ್ ರಂಗಮಂದಿರದಿಂದ ಪಕ್ಕದ ಸೇಂಟ್ ಮಾರ್ಟಿನ್ಸ್‌ಗೆ ಸಾಗಿಸಲಾಯಿತು. ಶನಿವಾರ ಅಲ್ಲಿ, ಸೋಮವಾರ ಇಲ್ಲಿ; ಒಂದು ಕೊಲೆಯೂ ತಪ್ಪಲಿಲ್ಲ. ಜಗತ್ತಿನ ಯಾವ ಪೊಲೀಸ್ ಠಾಣೆಯ ದಾಖಲೆಯಲ್ಲೂ ಇಂಥ ಶಿಸ್ತಿಲ್ಲ.

ಪ್ರತ್ಯಕ್ಷ ಪ್ರಮಾಣ: ಕೊಲೆಗಾರನನ್ನು ಕಣ್ಣಾರೆ ಕಂಡವರು ಲಕ್ಷೋಪಲಕ್ಷ. ಕೊನೆಗೆ ನಟರಲ್ಲೊಬ್ಬರು ಮುಂದೆ ಬಂದು, ‘ಗುಟ್ಟು ಹೊರಗೆ ಬಿಡಬೇಡಿ’ ಎಂದು ಕೈಮುಗಿಯದೆಯೇ ಕೇಳಿಕೊಳ್ಳುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟಿ, ಕೋಟು ಹಾಕಿಕೊಂಡು, ಬಾಯಿ ಹೊಲಿದುಕೊಂಡು ಮನೆಗೆ ಹೋಗುತ್ತಾರೆ. ಹಂತಕನ ಹೆಸರು ಬಾಯಿಬಿಟ್ಟ ವಿಕಿಪೀಡಿಯ ಒಂದೇ ಈ ಪ್ರಕರಣದ ಮಾಫಿಸಾಕ್ಷಿ. ಕ್ರಿಸ್ಟಿ ಕುಟುಂಬ 2010ರಲ್ಲಿ ಅದರ ಮೇಲೆ ಮುನಿಸಿಕೊಂಡಿತು. ಸೋಜಿಗವೆಂದರೆ, ಹೆಸರು ಬಯಲಾದ ಮೇಲೂ ಜನ ಸಾಲುಗಟ್ಟಿ ಬಂದರು. ಎಂದಮೇಲೆ ಅವರಿಗೆ ಬೇಕಾದದ್ದು ಹಂತಕನಲ್ಲ, ಗುಟ್ಟಿನಲ್ಲೊಂದು ಪಾಲು.

ನಿರ್ಣಯ: ವಿಷಯ ತಿಳಿದೂ ಮುಚ್ಚಿಟ್ಟವರು, ಅದಕ್ಕಾಗಿ ಕೈಯಿಂದ ಕಾಸು ಕೊಟ್ಟವರು, ಮರುದಿನ ನೆಂಟರನ್ನೂ ಕಳಿಸಿಕೊಟ್ಟವರು ಪ್ರೇಕ್ಷಕರು. ಅವರೇ ಅಪರಾಧಿಗಳು. ಹಂತಕ ಯಾರೆಂಬುದು ಈ ಪ್ರಬಂಧಕಾರನಿಗೂ ಗೊತ್ತು, ಹೇಳುವುದಿಲ್ಲ. ಆದ್ದರಿಂದ ಆರೋಪಪಟ್ಟಿಯಲ್ಲಿ ಅವನ ಹೆಸರನ್ನೂ ಸೇರಿಸತಕ್ಕದ್ದು.