ನಿರುದ್ಯೋಗಿ ಫ್ಲಾಪಿಯೊಡನೆ ಸಂದರ್ಶನ

ಚಿಕ್ಕಬಳ್ಳಾಪುರದಿಂದ ಚಿಂತಾಮಣಿಯವರೆಗಿನ ಯಾವ ಕಚೇರಿಯ ಕಿಟಕಿಯಲ್ಲಿಯೂ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಉತ್ತರವನ್ನು ಕೇಳದ ಪುಣ್ಯವಂತರು ಈ ಅಂಕಣವನ್ನು ಓದುವ ಅಗತ್ಯವಿಲ್ಲ; ಕೇಳಿದವರಿಗೆ ಪೀಠಿಕೆಯ ಅಗತ್ಯವಿಲ್ಲ. ಗ್ರಾಮಲೆಕ್ಕಿಗರ ಕೈಬರಹದ ಪಹಣಿಯ ಕಾಲ ಮುಗಿದು, 'ಭೂಮಿ' ಯೋಜನೆಯ ಗಣಕಯಂತ್ರ ಮುದ್ರಿಸಿಕೊಟ್ಟದ್ದೇ ಪ್ರಮಾಣವೆನಿಸಿದ ಮೇಲೆ, ರೈತನ ಎರಡೆಕರೆಯ ವಿಷಯದಲ್ಲಿ ಗಡಿಕಲ್ಲಿನ ಸಾಕ್ಷ್ಯಕ್ಕಿಂತ ಸರ್ವರಿನ ಸಾಕ್ಷ್ಯವೇ ಗುರುತರವಾಯಿತಷ್ಟೆ. ಈ ಕಾಲದ ಸರ್ವರಾದರೋ ಒಂದು ಯಂತ್ರವಲ್ಲ. ಒಂದೇ ಪೆಟ್ಟಿಗೆಯೊಳಗೆ ಹತ್ತಾರು ವರ್ಚುವಲ್ ಮೆಷೀನುಗಳು, ಒಂದರ ಇರವು ಇನ್ನೊಂದಕ್ಕೆ ತಿಳಿಯದಂತೆ, ತಂತಮ್ಮ ಗೋಡೆಯೊಳಗೆ ಸಂಸಾರ ಹೂಡಿರುತ್ತವೆ. ಆ ಗೋಡೆಗೆ ಒಳಗಿನಿಂದಲೇ ಕನ್ನ ಕೊರೆಯಬಹುದೆಂದು 2015ರ ಮೇ 13ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಜೇಸನ್ ಗೆಫ್ನರ್ ಎಂಬುವರು ಲೋಕಕ್ಕೆ ಸಾರಿದಾಗ, ಕಟಕಟೆಯಲ್ಲಿ ನಿಂತದ್ದು ಈ ವರ್ಚುವಲ್ ಮೆಷೀನುಗಳನ್ನು ನಡೆಸುವ ಕ್ಯೂಎಮು ಎಂಬ ತಂತ್ರಾಂಶದೊಳಗಿನ ಕಾಲ್ಪನಿಕ ಫ್ಲಾಪಿ ಡ್ರೈವು. ಆ ದೋಷಕ್ಕೆ 'ವೆನಮ್' ಎಂಬ ನಾಮಕರಣವೂ ಆಯಿತು. ಆರೋಪಿಯ ಹೇಳಿಕೆಯನ್ನು ಮಾತ್ರ ಯಾರೂ ಪಡೆದಿರಲಿಲ್ಲವಾಗಿ, ಆ ಕರ್ತವ್ಯವನ್ನು ನಾನು ವಹಿಸಿಕೊಂಡೆನು.

ಪ್ರಶ್ನೆ: ತಮ್ಮ ವಾಸಸ್ಥಾನ ಯಾವುದು?

ಫ್ಲಾಪಿ: ಅದೇ ನನ್ನ ವ್ಯಥೆ ಸ್ವಾಮಿ. ನನಗೆ ತಗಡಿಲ್ಲ, ತಟ್ಟೆಯಿಲ್ಲ, ಓದುವಾಗ ಕರಕರ ಎನ್ನುವ ಸೌಭಾಗ್ಯವೂ ಇಲ್ಲ. ನಿಜವಾದ ಫ್ಲಾಪಿಯ ತಯಾರಿಕೆಯನ್ನು ಸೋನಿ ಕಂಪನಿ 2011ರಲ್ಲಿ ನಿಲ್ಲಿಸಿತು. ಶರೀರವಿದ್ದ ನನ್ನ ಬಂಧುಗಳೆಲ್ಲ ಗುಜರಿ ಸೇರಿ ಮುಕ್ತರಾದರು. ನನಗೆ ಆ ಸದ್ಗತಿಯೂ ಒದಗಲಿಲ್ಲ. ಹೊಸ ವರ್ಚುವಲ್ ಮೆಷೀನು ಹುಟ್ಟಿದಾಗಲೆಲ್ಲ, ಕೇಳಿದವರು ಯಾರೂ ಇಲ್ಲದಿದ್ದರೂ, ನನ್ನನ್ನು ಅದರೊಳಗೆ ಕೂರಿಸಿದರು. ಕೂರಿಸಿದ ಮೇಲೆ ಒಂದು ದಿನವಾದರೂ ಒಂದು ಕೆಲಸ ಹೇಳಿದರೇ? ಇಲ್ಲ.

ಪ್ರಶ್ನೆ: ಆ ದೋಷ 2004ರಿಂದಲೂ ಇತ್ತೆಂದು ಹೇಳುತ್ತಾರೆ. ಯಾರು ಬೇಕಾದರೂ ಓದಬಹುದಾದ ಬಹಿರಂಗ ಕೋಡಿನಲ್ಲಿ ಹನ್ನೊಂದು ವರ್ಷ ಯಾರ ಕಣ್ಣಿಗೂ ಬೀಳದೆ—

ಫ್ಲಾಪಿ: ಒಂದು ಕೆಲಸ ಸ್ವಾಮಿ! ಒಂದು ಕಡತವನ್ನಾದರೂ ಓದಿಸಬಾರದಿತ್ತೇ?

ಪ್ರಶ್ನೆ: ಇರಲಿ. ತಮ್ಮೊಳಗೆ 512 ಬೈಟುಗಳ ಒಂದು ಕೆರೆಯಿತ್ತಂತೆ. ಅದಕ್ಕೆ ಕೋಡಿ ಇರಲಿಲ್ಲವೇ? ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಷ್ಟು ಹಿಂದೆಯೇ ತಾನಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು ಹೂಡಿ, ಮಿತಿ ಮೀರಿದ ನೀರು ಕಟ್ಟೆಯನ್ನು ಕೆಡಿಸದಂತೆ ಮಾಡಿದ್ದು ತಮ್ಮನ್ನು ರಚಿಸಿದವರಿಗೆ ತಿಳಿದಿರಲಿಲ್ಲವೇ?

ಫ್ಲಾಪಿ: ಅದು ಕೆರೆಯಲ್ಲ, ಬಫರ್. ಅತಿಥಿ ಯಂತ್ರ, ಎಂದರೆ ಒಳಗಿನ ವರ್ಚುವಲ್ ಮೆಷೀನು, ಕೊಡುವ ಆಜ್ಞೆಯ ಬೈಟುಗಳನ್ನು ಒಂದೊಂದಾಗಿ ಅದರಲ್ಲಿ ತುಂಬಿಕೊಳ್ಳುತ್ತೇನೆ. ಆಜ್ಞೆ ಮುಗಿದೊಡನೆ ಎಣಿಕೆ ಸೊನ್ನೆಗೆ ಮರಳಬೇಕು. ಎರಡು ಆಜ್ಞೆಗಳಲ್ಲಿ ಮಾತ್ರ ಹಾಗಾಗುತ್ತಿರಲಿಲ್ಲ: ಒಂದರಲ್ಲಿ ಎಣಿಕೆ ತಡವಾಗಿ ಮರಳುತ್ತಿತ್ತು, ಇನ್ನೊಂದರಲ್ಲಿ ಷರತ್ತು ಒದಗಿದರೆ ಮಾತ್ರ. ಆ ಸಂದಿನಲ್ಲಿ ಬೈಟುಗಳನ್ನು ಸುರಿಯುತ್ತಲೇ ಇದ್ದರೆ 513ನೆಯದು ಪಕ್ಕದ ಮೆಮೊರಿಗೆ ಬೀಳುತ್ತದೆ. ಸುರಿಯುವವನು ಕುಶಲಿಯಾದರೆ ಹೊರಗಿನ ಪೆಟ್ಟಿಗೆಯಾದ ಆತಿಥೇಯ ಯಂತ್ರವೇ ಅವನ ವಶ. ಅದರ ಮೂಲಕ ನೆರೆಯ ಸಂಸಾರಗಳೂ.

ಪ್ರಶ್ನೆ: ಅಂದಮೇಲೆ ಇದು ಕೋಡಿಯ ಪ್ರಶ್ನೆಯೇ ಆಯಿತು. ಕೆರೆಯೊಳಕ್ಕೆ ಏನು ಬರುತ್ತಿದೆಯೆಂದು ನೋಡುವವರಿಲ್ಲದಿದ್ದರೆ ಹೀಗೆಯೇ. ನಮ್ಮ ಕಂದವಾರದ ಕೆರೆಗೆ ಬೆಂಗಳೂರಿನ ಎಚ್.ಎನ್. ವ್ಯಾಲಿಯ ಕೊಳಚೆ ನೀರು ಎರಡು ಹಂತದ ಶುದ್ಧೀಕರಣ ಮುಗಿಸಿ ಬರುತ್ತದೆ, ಮೂರನೆಯ ಹಂತವೂ ಆಗಲೆಂದು ಜನರು ಎಷ್ಟು ಮೊರೆಯಿಟ್ಟರೂ—

ಫ್ಲಾಪಿ: ಬೇಡವೆಂದವರ ಮನೆಯಲ್ಲಿಯೂ ನಾನಿದ್ದೆ, ಬಲ್ಲಿರಾ? "ಫ್ಲಾಪಿ ಬೇಡ" ಎಂದು ಯಜಮಾನನು ಸ್ಪಷ್ಟವಾಗಿ ಬರೆದಿಟ್ಟಿದ್ದರೂ, ಕ್ಯೂಎಮುವಿನಲ್ಲಿಯೂ ಜೆನ್ ಎಂಬ ಅಂಥದೇ ತಂತ್ರಾಂಶದಲ್ಲಿಯೂ ಬೇರೊಂದು ದೋಷದ ಫಲವಾಗಿ ನನ್ನ ನಿಯಂತ್ರಕದ ಕೋಡು ಎಚ್ಚರವಾಗಿಯೇ ಇತ್ತು. ಇದಕ್ಕಿಂತ ಅವಮಾನ ಉಂಟೇ?

ಪ್ರಶ್ನೆ: ಪರಿಹಾರ?

ಫ್ಲಾಪಿ: ಅದು ಅತ್ಯಲ್ಪ. ಎಣಿಕೆ ಬಫರಿನ ಎಲ್ಲೆಯನ್ನು ಎಂದೂ ದಾಟದಂತೆ ಕಟ್ಟುವ ಕೆಲವು ಸಾಲುಗಳ ಪ್ಯಾಚು ಆಗಲೇ ಬಂತು. ಆದರೆ ಅದನ್ನು ಹಾಕಿದವರಲ್ಲಿ ಕೆಲವರು ಅತಿಥಿ ಯಂತ್ರದೊಳಗಿನಿಂದ ರೀಸ್ಟಾರ್ಟ್ ಮಾಡಿ ಕೈತೊಳೆದುಕೊಂಡಾರು! ಹಾಗೆ ಮಾಡಿದರೆ ಹೊರಗೆ ಹಳೆಯ ಕ್ಯೂಎಮು ಓಡುತ್ತಲೇ ಇರುತ್ತದೆ. ವರ್ಚುವಲ್ ಮೆಷೀನನ್ನು ಪೂರ್ತಿಯಾಗಿ ಆಫ್ ಮಾಡಿ ಮತ್ತೆ ಆನ್ ಮಾಡಬೇಕು, ಇಲ್ಲವೇ ಪ್ಯಾಚಾದ ಇನ್ನೊಂದು ಆತಿಥೇಯ ಯಂತ್ರಕ್ಕೆ ಅದನ್ನು ಸಾಗಿಸಬೇಕು. ಎಸ್‌ಇಲಿನಕ್ಸ್‌ನಂಥ ಕಾವಲು ಇದ್ದಲ್ಲಿ ಕನ್ನ ಬಿದ್ದರೂ ಕಳ್ಳನು ದೂರ ಹೋಗಲಾರ. ಅಂದು ನನ್ನನ್ನು ನೋಡಿ ನಕ್ಕವರುಂಟು. ಇಂಥದೇ ತಂತ್ರಾಂಶ ಮಾಡುವ ವಿಎಂವೇರ್‌ನವರಿಗೆ ನನ್ನ ದೋಷದ ಸೋಂಕಿರಲಿಲ್ಲ. ಆಮೇಲೇನಾಯಿತು, ಕೇಳಿರಿ ಅವರನ್ನು.

ಕೇಳಬೇಕಾಗಿಲ್ಲ. ವಿಎಂವೇರ್‌ನ ಇಎಸ್‌ಎಕ್ಸ್‌ಐ ತಂತ್ರಾಂಶದ ಒಂದು ದೋಷಕ್ಕೆ 2021ರ ಫೆಬ್ರುವರಿಯಲ್ಲಿ ಪ್ಯಾಚು ಬಂದಿತ್ತು. 2023ರ ಫೆಬ್ರುವರಿಯಲ್ಲಿ, ಅದನ್ನು ಹಾಕದೆ ಬಿಟ್ಟಿದ್ದ ಸಾವಿರಾರು ಸರ್ವರುಗಳನ್ನು ಹುಡುಕಿ ಹೊಕ್ಕ ಕಳ್ಳರು ಕಡತಗಳಿಗೆ ಬೀಗ ಜಡಿದು ಹಣ ಕೇಳಿದರು. ದೋಷವಿದ್ದದ್ದು ಬಹುಮಂದಿಗೆ ಬೇಕಿಲ್ಲದಿದ್ದ, ಆದರೂ ನಡೆಯುತ್ತಲೇ ಇದ್ದ, ಒಂದು ಉಪಸೇವೆಯಲ್ಲಿ. ಎರಡು ವರ್ಷ! ಮದ್ದು ಕೈಯಲ್ಲಿದ್ದೂ ಕುಡಿಸದವನನ್ನು ಯಾವ ಮಾತಿನಿಂದ ಕರೆಯಬೇಕು? ಯಂತ್ರ ಕೆಡುತ್ತದೆ; ಬರೆದವನು ತಪ್ಪುತ್ತಾನೆ; ಅದನ್ನು ನಾನು ಕ್ಷಮಿಸಬಲ್ಲೆ. ಗೌರಿಬಿದನೂರಿನ ಗಡಿಹಳ್ಳಿಯಿಂದ ಒಂದು ದಿನದ ಕೂಲಿಯನ್ನು ಬಿಟ್ಟು, ಬಸ್ಸಿಗೆ ಕಾದು, ಜಾತಿ ಪ್ರಮಾಣಪತ್ರಕ್ಕೆಂದು ಬಂದ ತಾಯಿಗೆ, ಶಿಡ್ಲಘಟ್ಟದಲ್ಲಿ ಹಣ್ಣಾದ ರೇಷ್ಮೆ ಹುಳುವನ್ನು ಚಂದ್ರಿಕೆಯ ಮೇಲೆ ಬಿಟ್ಟು ಪಹಣಿಗೆಂದು ಓಡಿಬಂದ ರೈತನಿಗೆ, ಸರ್ವರ್ ಏಕಿಲ್ಲ, ಎಷ್ಟು ಹೊತ್ತು ಇರುವುದಿಲ್ಲ, ಯಾರನ್ನು ಕೇಳಬೇಕು ಎಂಬುದೊಂದನ್ನೂ ಹೇಳದೆ ಕಿಟಕಿ ಮುಚ್ಚುವುದನ್ನು ಕ್ಷಮಿಸಲಾರೆ. ಆ ಒಂದು ದಿನದ ಕೂಲಿಯ ಲೆಕ್ಕ ಯಾವ ಬಫರಿನಲ್ಲಿಯೂ ಇಲ್ಲ.

ಪ್ರಶ್ನೆ: ಕಡೆಯದಾಗಿ, ತಮ್ಮ ಬೇಡಿಕೆ?

ಫ್ಲಾಪಿ: ಕೆಲಸ ಕೊಡಿ, ಇಲ್ಲವೇ ತೆಗೆದುಹಾಕಿ.

ಬೇಡಿಕೆ ನ್ಯಾಯವಾದದ್ದೆಂದೇ ನನ್ನ ತೀರ್ಪು. ಸರ್ವರುಗಳ ಹೊಣೆ ಹೊತ್ತ ಅಧಿಕಾರಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಬಳಸದ ಸಾಧನವನ್ನೂ ಬೇಡದ ಸೇವೆಯನ್ನೂ ಇಂದೇ ತೆಗೆಯಿರಿ, ಪ್ಯಾಚು ಬಂದೊಡನೆ, ಕಚೇರಿ ಮುಚ್ಚಿದ ರಾತ್ರಿಯಲ್ಲಿ, ಯಂತ್ರಗಳನ್ನು ನಿಜವಾಗಿ ನಿಲ್ಲಿಸಿ ಹಾಕಿರಿ, ಹಗಲು ನಿಲ್ಲಿಸಲೇಬೇಕಾದರೆ ಹಿಂದಿನ ದಿನವೇ ಕಿಟಕಿಯ ಮೇಲೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿರಿ. ಕಂದವಾರದ ಕೆರೆಗೆ ಬರುವ ನೀರಿನ ಮೂರನೆಯ ಹಂತದ ವಿಷಯವನ್ನು ಮುಂದಿನ ವಾರ ಎತ್ತಿಕೊಳ್ಳುತ್ತೇನೆ.