ಕಾರ್ಡು ಬಂತು, ಇನ್ನು ಮುಳುಗುವುದೊಂದೇ ಬಾಕಿ

ಓಪನ್ ವಾಟರ್ ಡೈವರ್ ಕಾರ್ಡು ಕೈಸೇರಿದ ಕೂಡಲೇ ಅದರ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ. ಆಮೇಲೆ ಒಂದೂವರೆ ವರ್ಷ ನೀರಿನ ಹತ್ತಿರ ಸುಳಿಯಬೇಡಿ. ಕಾರ್ಡಿನ ಮೇಲೆ ಅವಧಿ ಮುಗಿಯುವ ದಿನಾಂಕ ಇರುವುದಿಲ್ಲ. ಕಲಿತ ವಿದ್ಯೆಗೂ ಇರಲಾರದೆಂದು ನಂಬಿ. ಕೋರ್ಸೆಂದರೆ ಈಜುಕೊಳದಲ್ಲಿ ಒಂದಿಷ್ಟು ಕಸರತ್ತು, ಸಮುದ್ರದಲ್ಲಿ ನಾಲ್ಕು ಡೈವ್. ಆ ನಾಲ್ಕರಲ್ಲೂ ಇನ್‌ಸ್ಟ್ರಕ್ಟರ್ ಕೈಯಳತೆಯಲ್ಲೇ ಇದ್ದ ಎಂಬುದನ್ನು ಯಾರಿಗೂ ಹೇಳಬೇಡಿ. ಈ ಕೈಪಿಡಿಯ ಸೂತ್ರ ಒಂದೇ: ಮೊದಲು ಕಾರ್ಡಿನ ಮರ್ಯಾದೆ, ಆಮೇಲೆ ಜೀವ.

ಒಂದೂವರೆ ವರ್ಷ ಕಳೆಯಿತೇ? ನೇತ್ರಾಣಿಗೆ ಹೊರಡಿ. ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದ ದ್ವೀಪ. ಮಳೆಗಾಲ ಕಳೆದ ಮೇಲೆ ಅಲ್ಲಿ ಡೈವಿಂಗ್ ಶುರು. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿ, ಘಾಟಿಯ ತಿರುವುಗಳಲ್ಲಿ ನಿದ್ದೆಗೆಟ್ಟು, ಬೆಳಗ್ಗೆ ಇಳಿದವರೇ ಹೋಟೆಲಿನಲ್ಲಿ ಎರಡು ಪ್ಲೇಟು ಬನ್ಸ್ ಹೊಡೆದು ಸೀದಾ ಡೈವಿಂಗ್‌ನವರ ಬಳಿ ಹೋಗಿ. ಆರೋಗ್ಯದ ಬಗ್ಗೆ ಒಂದು ಫಾರ್ಮ್ ಕೊಡುತ್ತಾರೆ. ಓದುತ್ತಾ ಕೂರಬೇಡಿ. ಅಸ್ತಮಾ, ಬಿಪಿ, ಕಿವಿಯ ಕಾಯಿಲೆ, ಎಲ್ಲಕ್ಕೂ ‘ಇಲ್ಲ’ ಎಂದು ಗೀಚಿ, ಸೀನುತ್ತಾ ಸಹಿ ಹಾಕಿ.

“ಸರ್, ಲಾಸ್ಟ್ ಡೈವ್ ಯಾವಾಗ ಮಾಡಿದ್ರಿ?” ಎಂದು ಕೇಳಿದರೆ “ಇತ್ತೀಚೆಗೇ” ಎನ್ನಿ. “ರಿಫ್ರೆಶರ್ ಮಾಡ್ಕೊಳ್ತೀರಾ?” ಎಂದರೆ ಸುಮ್ಮನೆ ನಕ್ಕುಬಿಡಿ.

ದೋಣಿಯಲ್ಲಿ ಹೊಟ್ಟೆ ತೊಳಸದಿರಬೇಕಾದರೆ ದೂರದಲ್ಲಿ ಅಲುಗದೆ ನಿಂತದ್ದನ್ನು ನೋಡಬೇಕಂತೆ. ದಡದಲ್ಲಿ 123 ಅಡಿಯ ಶಿವ ಕೂತಿರುವುದು ಬಹುಶಃ ಇದಕ್ಕೇ. ನೀವು ಮಾತ್ರ ತಲೆ ತಗ್ಗಿಸಿ ಮೊಬೈಲ್ ನೋಡಿ. ಬನ್ಸು ಮೇಲೆ ಬರುವ ಸೂಚನೆ ಸಿಕ್ಕರೆ ಗಾಬರಿ ಬೇಡ, ನೀರಿಗಿಳಿದ ಮೇಲೆ ಉಸಿರಾಟದ ರೆಗ್ಯುಲೇಟರ್ ಬಾಯಲ್ಲಿಟ್ಟುಕೊಂಡೇ ವಾಂತಿ ಮಾಡಬಹುದು. ಇದು ನನ್ನ ಕಲ್ಪನೆಯಲ್ಲ, ಕೋರ್ಸಿನಲ್ಲೇ ಹೇಳಿಕೊಡುವ ಮಾತು. ಸುತ್ತ ಮೀನುಗಳು ಮುತ್ತುತ್ತವೆ. ಫೋಟೋಗೆ ಒಳ್ಳೆಯದು.

ಸಲಕರಣೆ ಜೋಡಿಸುವಾಗ ಗೇಜಿನ ಮುಳ್ಳು ನೋಡಿ. 200 ಬಾರ್ ತೋರಿಸಿತೋ, ಕೆಲಸ ಮುಗಿಯಿತು. ಮುಳ್ಳನ್ನೇ ನೋಡುತ್ತಾ ರೆಗ್ಯುಲೇಟರಿನಿಂದ ನಾಲ್ಕು ಬಾರಿ ಉಸಿರೆಳೆಯಬೇಕು ಎನ್ನುವವರಿದ್ದಾರೆ. ಹಾಗೆ ಮಾಡಿದರೆ ಮನಸ್ಸು ಕೆಡುತ್ತದೆ: ಟ್ಯಾಂಕಿನ ವಾಲ್ವನ್ನು ಒಮ್ಮೆ ತೆರೆದು ಮತ್ತೆ ಮುಚ್ಚಿಬಿಟ್ಟಿದ್ದರೆ ಮೊದಲ ಉಸಿರಿಗೇ ಮುಳ್ಳು ಜರ್ರನೆ ಕೆಳಗೆ ಬೀಳುತ್ತದೆ. ಇಂಥ ಸುದ್ದಿಯನ್ನು ದೋಣಿಯ ಮೇಲೆ ಎಲ್ಲರೆದುರು ತಿಳಿಯುವುದಕ್ಕಿಂತ ನೀರಿನೊಳಗೆ ಒಬ್ಬರೇ ತಿಳಿಯುವುದು ಲೇಸು.

ಹೊಸ ಮಾಸ್ಕನ್ನು ಪೆಟ್ಟಿಗೆಯಿಂದ ತೆಗೆದ ಹಾಗೆಯೇ ಧರಿಸಿ. ತಯಾರಿಕೆಯಲ್ಲಿ ಗಾಜಿಗೆ ಅಂಟುವ ತೆಳು ಸಿಲಿಕೋನ್ ಪೊರೆಯನ್ನು ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ತೆಗೆಯುವವರುಂಟು. ಆ ಪೊರೆ ಇದ್ದರೇ ಮಂಜು ಚೆನ್ನಾಗಿ ಕಟ್ಟುವುದು. ಮೀಸೆಯನ್ನು ದಟ್ಟವಾಗಿ ಬಿಡಿ. ಮಾಸ್ಕಿನ ಅಂಚು ಕೂದಲ ಮೇಲೆ ಕೂರುವುದಿಲ್ಲ, ನೀರು ಮೆಲ್ಲಗೆ ಒಳಬಂದು ಮೂಗಿನ ಮಟ್ಟಕ್ಕೆ ನಿಲ್ಲುತ್ತದೆ. ಮಾಸ್ಕಿನ ಮೇಲಂಚನ್ನು ಒತ್ತಿ ಹಿಡಿದು ಮೂಗಿನಿಂದ ಉಸಿರು ಬಿಟ್ಟರೆ ಅದು ಹೊರಹೋಗುತ್ತದೆಂದು ನೀವು ಕಲಿತಿದ್ದಿರಿ. ಈಗ ಮೂಗಿನಿಂದ ಎಳೆದುಕೊಳ್ಳಿ.

ಮುಳುಗಲೆಂದು ಕಟ್ಟಿಕೊಳ್ಳುವ ಸೀಸದ ತೂಕದ ವಿಚಾರಕ್ಕೆ ಬರೋಣ. ಹೊಸ ಡೈವರನ ನಿಜವಾದ ಪ್ರತಿಭೆ ಅರಳುವುದು ಇಲ್ಲಿ. “ಎಷ್ಟು ಕೆ.ಜಿ. ಹಾಕ್ಲಿ?” ಎಂದು ದೋಣಿಯ ಹುಡುಗ ಕೇಳಿದರೆ “ಗೊತ್ತಿಲ್ಲ, ಪರೀಕ್ಷೆ ಮಾಡಿ ನೋಡೋಣ” ಅನ್ನಬೇಡಿ. ಗೊತ್ತಿಲ್ಲ ಎಂಬ ಮಾತು ಕಾರ್ಡಿಗೆ ಒಪ್ಪುವುದಿಲ್ಲ. “ಇನ್ನೆರಡು ಇರಲಿ” ಎನ್ನಿ. ನೀರಿಗಿಳಿದ ಕೂಡಲೇ ಕೆಳಗೆ ಜಾರುತ್ತೀರಿ. ಬಿಸಿಡಿಗೆ, ಅಂದರೆ ತೇಲಿಸುವ ಜಾಕೆಟ್ಟಿಗೆ, ಗಾಳಿ ತುಂಬುವ ಗುಂಡಿ ಒತ್ತಿ. ಏನೂ ಆಗಲಿಲ್ಲವೇ? ಮತ್ತೆ ಒತ್ತಿ, ಇನ್ನೊಮ್ಮೆ ಒತ್ತಿ. ಅದರ ಪರಿಣಾಮ ಕಾಣಲು ಕೆಲವು ಕ್ಷಣ ಬೇಕು, ಅಷ್ಟು ತಾಳ್ಮೆ ನಿಮಗೆ ಬೇಡ. ಮೇಲೇರತೊಡಗಿದಂತೆ ಒತ್ತಡ ಇಳಿದು ಒಳಗಿನ ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದರಿಂದ ಇನ್ನಷ್ಟು ವೇಗವಾಗಿ ಏರುತ್ತೀರಿ. ಆಗ ಎಲ್ಲ ಗಾಳಿಯನ್ನೂ ಬಿಟ್ಟು ತಳಕ್ಕೆ ಬೀಳಿ. ಬಾವಿಗೆ ಬಿಟ್ಟ ಕೊಡಪಾನದ ಹಾಗೆ ಡೈವ್ ಉದ್ದಕ್ಕೂ ಏರಿಳಿಯುತ್ತಿರಿ. ತಳ ಸಿಕ್ಕಾಗ ಹವಳದ ಮೇಲೆ ಮಂಡಿಯೂರಿ ವಿಶ್ರಮಿಸಿ; ಅಲ್ಲಿ ಮುಳ್ಳು ನಿಗುರಿಸಿಕೊಂಡು ಕೂತ ಸೀ ಅರ್ಚಿನ್‌ಗೂ ಒಂದಿಷ್ಟು ಸ್ನೇಹ ಬೇಕಿರುತ್ತದೆ. ಉಸಿರು ಬಿಗಿಹಿಡಿದು ಮೇಲೇರುವುದನ್ನು ಮಾತ್ರ ಈ ಕೈಪಿಡಿಯೂ ಶಿಫಾರಸು ಮಾಡುವುದಿಲ್ಲ. ಶ್ವಾಸಕೋಶವೇ ಹರಿದರೆ ಮುಂದಿನ ಪ್ಯಾರಾಗಳನ್ನು ಓದುವವರು ಯಾರು?

ಕಿವಿ ನೋಯುತ್ತದೆ. ಮೂಗು ಹಿಡಿದು ಮೆಲ್ಲಗೆ ಊದುವ ಉಪಾಯಕ್ಕೆ ಹೆಸರು ಕೊಟ್ಟವನು ಇಟಲಿಯ ವಲ್ಸಾಲ್ವಾ, 1723ರಲ್ಲಿ ತೀರಿಕೊಂಡ. ಅಷ್ಟು ಹಳೆಯದನ್ನು ಈಗ ನಂಬುವುದೇಕೆ? ಮೇಲಿನ 10 ಮೀಟರಿನಲ್ಲೇ ಒತ್ತಡ ಇಮ್ಮಡಿಯಾಗುತ್ತದೆ. ಮತ್ತೆ ಇಮ್ಮಡಿಯಾಗಬೇಕಾದರೆ ಇನ್ನೂ 20 ಮೀಟರ್ ಇಳಿಯಬೇಕು. ಅಂದರೆ ಕಿವಿಗೆ ಹೆಚ್ಚು ಕಷ್ಟ ಮೇಲೆಯೇ. ನೋವು ಶುರುವಾಗುವ ಮೊದಲೇ ಊದಬೇಕು, ನೊಂದರೆ ಒಂದಿಷ್ಟು ಮೇಲೆ ಬರಬೇಕು ಎಂಬುದು ಪಾಠ. ಗುಂಪೆಲ್ಲ ಕೆಳಗೆ ಕಾಯುತ್ತಿದೆ, ನಾಚಿಕೆಯಾಗುವುದಿಲ್ಲವೇ? ಹಲ್ಲು ಕಚ್ಚಿ ಇಳಿಯಿರಿ. ನೆಗಡಿಯಿದ್ದರೆ ಮಾತ್ರೆ ನುಂಗಿ ಇಳಿಯಿರಿ. ಅದರ ಪ್ರಭಾವ ಕೆಳಗಿರುವಾಗಲೇ ಇಳಿದರೆ, ಹಿಗ್ಗಿದ ಗಾಳಿಗೆ ಹೊರದಾರಿಯಿಲ್ಲದೆ ಮೇಲೆ ಬರುವಾಗಲೂ ನೋಯುತ್ತದೆ. ಒಂದೇ ಟಿಕೆಟಿಗೆ ಎರಡು ಆಟ.

ತಳದಲ್ಲಿ ಗಿಳಿಮೀನು ಕಂಡು ಖುಷಿಯಾಯಿತೇ? ಹೆಬ್ಬೆರಳು ಎತ್ತಿ ತೋರಿಸಿ. ನೀರಿನೊಳಗೆ ಅದಕ್ಕೆ ‘ಮೇಲೆ ಹೋಗೋಣ’ ಎಂಬ ಅರ್ಥ. ಡೈವ್‌ಮಾಸ್ಟರ್ ಹತ್ತಿರ ಬಂದು ಏನಾಯಿತೆಂದು ಕಣ್ಣಲ್ಲೇ ವಿಚಾರಿಸುತ್ತಾನೆ. ಇನ್ನಷ್ಟು ಖುಷಿಯಿಂದ ಎರಡೂ ಹೆಬ್ಬೆರಳು ಎತ್ತಿ. ನಾಲ್ಕು ಜನರ ಡೈವು ಏಳನೇ ನಿಮಿಷಕ್ಕೆ ಮುಗಿಯುತ್ತದೆ.

ಎರಡನೇ ಡೈವಿಗೆ ಕ್ಯಾಮೆರಾ ಒಯ್ಯಿರಿ. ಜೊತೆಗಾರನನ್ನು ಮರೆಯಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಆಮೆ ಕಂಡರೆ ಬೆನ್ನುಹತ್ತಿ. ನಿಮ್ಮ ಕಾರ್ಡಿನ ಮಿತಿ 18 ಮೀಟರ್ ಎಂಬುದು ಆಮೆಗೆ ತಿಳಿಯದು. 20 ಮೀಟರಿನಲ್ಲಿ ಪ್ರತಿ ಉಸಿರಿಗೂ ಮೇಲಿಗಿಂತ ಮೂರು ಪಟ್ಟು ಗಾಳಿ ಖರ್ಚಾಗುತ್ತದೆ, ಅದರ ಮೇಲೆ ಕೈಕಾಲು ಬಡಿಯುವವರ ಖರ್ಚು ಬೇರೆ. ಡೈವ್‌ಮಾಸ್ಟರ್ ಗಾಳಿ ಎಷ್ಟಿದೆ ಎಂದು ಸನ್ನೆ ಮಾಡುತ್ತಾನೆ. ನಿಮ್ಮ ಗೇಜಿನಲ್ಲಿ 70. ಪಕ್ಕದ ತೆಳ್ಳಗಿನ ಹುಡುಗಿ ಆಗಲೇ 140 ತೋರಿಸಿದ್ದಾಳೆ. ಯಾರ ಗಾಳಿ ಮೊದಲು ಕಡಿಮೆಯಾಗುತ್ತದೋ ಅವರಿಂದ ಎಲ್ಲರ ಡೈವೂ ಮುಗಿಯುವುದು ವಾಡಿಕೆ. ಆ ಕೆಟ್ಟ ಹೆಸರು ಈ ದಿನಕ್ಕೆ ಒಮ್ಮೆ ಸಾಕು. ಗೇಜನ್ನು ಅಂಗೈಯಲ್ಲಿ ಮುಚ್ಚಿಕೊಂಡು, ನಿಧಾನವಾಗಿ, ಧೀರವಾಗಿ, 120 ಎಂದು ತೋರಿಸಿ. 50 ಬಾರ್ ಉಳಿದಿರುವಾಗ ದೋಣಿಗೆ ಮರಳಬೇಕೆಂಬ ಲೆಕ್ಕವನ್ನು ಪುಕ್ಕಲರು ಮಾಡಿದ್ದು.

ಮೇಲೆ ಬರುವಾಗ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು. ಆದರೆ ಟ್ಯಾಂಕಿನ ಗಾಳಿಗೂ ತೂಕವಿದೆ, ತುಂಬಿದ ಟ್ಯಾಂಕಿನಲ್ಲಿ ಎರಡು ಕೆ.ಜಿ.ಗೂ ಹೆಚ್ಚು. ಅದನ್ನು ಕುಡಿದು ಖಾಲಿ ಮಾಡಿದ ನೀವು ಈಗ ಹಗುರ. ಬಿಸಿಡಿಯಲ್ಲಿ ಉಳಿದ ಗಾಳಿಯನ್ನೂ ಬಿಡಲು ಮರೆತು ಅಲ್ಲಿ ಕ್ಷಣವೂ ನಿಲ್ಲದೆ ದೋಣಿಯ ಪಕ್ಕದಲ್ಲೇ ಭುಸ್ಸನೆ ಏಳಿ. “ಕರೆಂಟ್ ಜೋರಿತ್ತು” ಎಂದು ಎಲ್ಲರಿಗೂ ಕೇಳುವಂತೆ ಹೇಳಿ. ನೀರೊಳಗೆ ವಸ್ತುಗಳು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತವೆ. ಲಾಗ್‌ಬುಕ್ಕಿನಲ್ಲಿ ಆಮೆಯ ಗಾತ್ರ ಬರೆಯುವಾಗ ಅದನ್ನು ಕಳೆಯದೆ ಇನ್ನೊಮ್ಮೆ ಕೂಡಿಸಿ. ಆಳದ ಕಾಲಂನಲ್ಲಿ ಮಾತ್ರ ಪ್ರಾಮಾಣಿಕವಾಗಿ 18 ಎಂದೇ ಬರೆಯಿರಿ.

ಭಾನುವಾರ ಇನ್ನೆರಡು ಡೈವ್ ಮುಗಿಸಿ ಸಂಜೆಯೇ ಬಸ್ಸು ಹತ್ತಿ. ಹಲವು ಡೈವ್ ಮಾಡಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಎಂದಿದ್ದಾರೆ, ಸ್ಲೀಪರ್ ಕೋಚಿನ ಮಾತೇ ಎತ್ತಿಲ್ಲ. ಎತ್ತರಕ್ಕೆ ಹೋದರೆ ಒತ್ತಡ ಇಳಿದು ಮೈಯಲ್ಲಿ ಕರಗಿದ ಸಾರಜನಕ ಗುಳ್ಳೆಯಾಗುತ್ತದೆ ಎಂಬುದು ನಿಜ; ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ಯೋಚಿಸಬೇಡಿ. ಗೇರುಸೊಪ್ಪೆಯ ಘಾಟಿ ಹತ್ತುವಾಗ ಭುಜ, ಮೊಣಕೈ ಸಂದುಗಳಲ್ಲಿ ನೋವೆದ್ದರೆ ತಪ್ಪನ್ನು ಸೀಟಿನ ಮೇಲೆ ಹಾಕಿ. ಸೋಮವಾರ ಆಫೀಸಿನಲ್ಲಿ ಕೂತೇ 30 ಮೀಟರ್‌ವರೆಗೆ ಬಿಡುವ ಅಡ್ವಾನ್ಸ್‌ಡ್ ಕೋರ್ಸಿಗೆ ಮುಂಗಡ ಕಟ್ಟಿ. ನೋವು ಮಂಗಳವಾರಕ್ಕೂ ಇಳಿಯದೆ ಡಾಕ್ಟರ ಬಳಿ ಹೋಗಬೇಕಾಗಿ ಬಂದರೆ, ಭುಜ ಹಿಚುಕಿ ನೋಡುತ್ತಾ ವಾರಾಂತ್ಯದಲ್ಲಿ ಏನು ಮಾಡಿದಿರಿ ಎಂದು ಅವರು ಕೇಳಿಯೇ ಕೇಳುತ್ತಾರೆ. “ಮುರುಡೇಶ್ವರಕ್ಕೆ ಹೋಗಿದ್ದೆ ಡಾಕ್ಟ್ರೇ, ದೇವರ ದರ್ಶನಕ್ಕೆ” ಎನ್ನಿ.