ಗೆದ್ದಲೂ ಮುಟ್ಟದ ಪೇಪರ್

ನಮ್ಮ ಚಿಕ್ಕಬಳ್ಳಾಪುರ ಸೀಮೆಯಲ್ಲಿ ಟೊಮೆಟೊ ಸಾಲಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆಗೆ ‘ಪೇಪರ್’ ಅಂತಲೇ ಹೆಸರು. ಮೇಲೆ ಬೆಳ್ಳಿ ಬಣ್ಣ, ಕೆಳಗೆ ಕಪ್ಪು, 4 ಅಡಿ ಅಗಲ, 25ರಿಂದ 30 ಮೈಕ್ರಾನ್ ದಪ್ಪ. ಬೇಲಿಯಾಚೆಯ ಮಾವ ಮೊನ್ನೆ ಅದರ ಹೊಸ ರೋಲು ಬಿಚ್ಚುತ್ತಾ ನನ್ನ ಬದನೆ ಸಾಲು ನೋಡಿ ನಕ್ಕರು. ಮಾವ ಅಂದರೆ ನೆಂಟಸ್ತಿಕೆ ಏನಿಲ್ಲ, ಬೇಲಿಯದೇ ಸಂಬಂಧ.

“ಏನಯ್ಯ, ಗಿಡಕ್ಕೂ ಹಾಸಿಗೆ ಹಾಸಿದೀಯ? ಹುಲ್ಲಿಗೆ ಗೆದ್ದಲು ಬರಲ್ವಾ?”

“ಬರ್ತಾವೆ ಮಾವ. ತಿನ್ಲಿ ಅಂತಲೇ ಹಾಕಿರೋದು.”

ಜಂಬಕ್ಕೆ ಹೇಳಿದ ಮಾತು. ಮೊದಲ ವರ್ಷ ರಾಗಿ ಹುಲ್ಲನ್ನು ಕಾಂಡಕ್ಕೇ ಒತ್ತಿ ಹೊದಿಸಿ, ಮಳೆ ಹಿಡಿದಾಗ ಬುಡ ಕೊಳೆತು ಹತ್ತು ಗಿಡ ಕಳೆದುಕೊಂಡವನು ನಾನು. ಮಿಕ್ಕಿದ್ದನ್ನು ಮಣ್ಣಿಗೆ ಬೆರೆಸಿದೆ, ಎಲೆಗಳು ಹಳದಿಯಾದವು. ಹುಲ್ಲು ಕೊಳೆಸುವ ಸೂಕ್ಷ್ಮಜೀವಿಗಳು ಸಾರಜನಕವನ್ನೆಲ್ಲ ತಾವೇ ಉಂಡು ಗಿಡವನ್ನು ಉಪವಾಸ ಕೆಡವುತ್ತವೆ. ಈಗ ಬುದ್ಧಿ ಬಂದಿದೆ: ಬುಡದಿಂದ ನಾಲ್ಕು ಬೆರಳು ದೂರ, ಮೂರು ನಾಲ್ಕು ಇಂಚು ದಪ್ಪ, ಒಣಹುಲ್ಲಿನ ಜೊತೆ ಬೇಲಿಯ ಗೊಬ್ಬರದ ಗಿಡದ ಹಸಿಸೊಪ್ಪು.

“ಹುಲ್ಲೆಲ್ಲ ಗಿಡಕ್ಕೆ ಹಾಕಿದ್ರೆ ಹಸ ಏನ್ ತಿನ್ನಬೇಕು?”

ಇದು ನ್ಯಾಯವಾದ ಪ್ರಶ್ನೆ. ಹಸು ಮೊದಲು. ಅದು ಮೂಸಿ ಬಿಟ್ಟ ಹುಲ್ಲು, ತೆಂಗಿನ ಗರಿ, ಬದುವಿನ ಹೊಂಗೆ ಸೊಪ್ಪು, ಹೂ ಬಿಡುವ ಮುಂಚೆ ಕಿತ್ತ ಪಾರ್ಥೇನಿಯಂ, ಇಷ್ಟೇ ನನ್ನ ಬಂಡವಾಳ. ಹತ್ತು ಗುಂಟೆಗೆ ಸಾಕು, ಮಾವನ ಎರಡು ಎಕರೆಗೆ ಸಾಲದು. ಶಿರಸಿ ಕಡೆಯವರಿಗಾದರೆ ಅಡಿಕೆ ತೋಟಕ್ಕೆಂದೇ ಸೊಪ್ಪಿನ ಬೆಟ್ಟವಿದೆ. ಬಯಲುಸೀಮೆಯವರಿಗೆ ಬೇಲಿಯೇ ಬೆಟ್ಟ.

“ನೈಸರ್ಗಿಕ ಕೃಷಿಯ ಪಾಳೇಕರ್ ಕೂಡ ಇದನ್ನೇ ಆಚ್ಛಾದನೆ ಅಂತಾರೆ ಮಾವ, ಅವರ ನಾಲ್ಕು ಚಕ್ರದಲ್ಲಿ ಇದೂ ಒಂದು.”

“ಚಕ್ರ ಇರ್ಲಿ. ಪೇಪರ್ ಹಾಕಿದ್ರೆ ಕಳೆ ಇಲ್ಲ, ನೀರು ಉಳಿಯುತ್ತೆ.”

ಸುಳ್ಳಲ್ಲ. ಆದರೆ ಬೆಳೆ ಮುಗಿದ ಮೇಲೆ? ಎಳೆದರೆ ಸಸಿಯ ತೂತಿನ ಹತ್ತಿರವೇ ಹರಿಯುತ್ತದೆ, ಮಣ್ಣೊಳಗಿನ ಅಂಚು ಅಲ್ಲೇ ಉಳಿಯುತ್ತದೆ. ಮಾವನ ಕಲ್ಟಿವೇಟರ್ ಹಲ್ಲಿಗೆ ಹೋದ ವರ್ಷದ ಚೂರುಗಳು ಇನ್ನೂ ಜೋತಾಡುತ್ತಿದ್ದವು. ಒಂದನ್ನು ಬಿಡಿಸಿ ಕೈಗಿಟ್ಟೆ.

“ಹೆಸರು ಪೇಪರ್. ನಿಜವಾಗ್ಲೂ ಪೇಪರ್ ಆಗಿದ್ರೆ ಗೆದ್ದಲು ಬಿಡ್ತಿತ್ತಾ, ಮಾವ?”

ಮಾತಾಡಲಿಲ್ಲ. ಬೇಲಿಯ ಕಂಡಿಯಲ್ಲಿ ನುಸುಳಿ ಬಂದು ಕುಕ್ಕರುಗಾಲಲ್ಲಿ ಕೂತರು. ನಡು ಮಧ್ಯಾಹ್ನ, ಹುಲ್ಲು ಸರಿಸಿ ಬೆರಳು ಇಳಿಸಿದರು. ತಂಪು. ಉಗುರಿಗೆ ಎರೆಹುಳುವಿನ ಹಿಕ್ಕೆ ಮೆತ್ತಿಕೊಂಡಿತು. ಅದನ್ನು ಪಂಚೆಗೆ ಒರೆಸಿಕೊಂಡು ಎದ್ದು, ಬೇಲಿಯನ್ನು ಉದ್ದಕ್ಕೂ ಅಳೆಯುವವರ ಹಾಗೆ ನೋಡಿದರು.

“ಗೊಬ್ಬರದ ಗಿಡ ನೆಟ್ಟಿದ್ದು ನೀನೇ. ಆದ್ರೆ ನನ್ನ ಕಡೆ ಬಾಗಿರೋ ಕೊಂಬೆ ನಂದೇ ತಾನೆ?”